ಗಡ್ಡ ಬಾರದ ಗಂಡಸು ಮತ್ತು ಡೇಟಿಂಗ್ ಆ್ಯಪ್: ಯಾರು ಯಾರನ್ನು ರಿಜೆಕ್ಟ್ ಮಾಡ್ತಿದ್ದಾರೆ?

ನನಗೀಗ 34. ಗಲ್ಲದ ಕೆಳಗೆ ಒಂದಿಷ್ಟು, ಮೂಗಿನ ಕೆಳಗೆ ಒಂದಿಷ್ಟು ಕೂದಲು ಬಿಟ್ಟರೆ ಗಡ್ಡ ಅಂತ ಕರೆಯಬಹುದಾದದ್ದು ನನ್ನ ಮುಖದ ಮೇಲಿಲ್ಲ. ಇನ್ನು ಬರುವ ಸೂಚನೆಯೂ ಇಲ್ಲ. ಹೆಗಲು ಕಿರಿದು, ಮಣಿಕಟ್ಟು ಸಣ್ಣದು, ಗ್ಯಾಸ್ ಬುಕ್ ಮಾಡೋಕೆ ಫೋನ್ ಮಾಡಿದರೆ ಆ ಕಡೆಯಿಂದ ‘ಹೇಳಿ ಮೇಡಂ’ ಅಂತಾರೆ. ಸುಮಾರು ಹತ್ತು ವರ್ಷದಿಂದ ಬಿಟ್ಟು ಬಿಟ್ಟು ಡೇಟಿಂಗ್ ಆ್ಯಪ್‌ಗಳಲ್ಲಿದ್ದೇನೆ. ಈ ಅವಧಿಯಲ್ಲಿ ನನ್ನ ಮುಖಕ್ಕೆ ಸಿಕ್ಕ ಬಿರುದುಗಳಲ್ಲಿ ಮೊದಲ ಸ್ಥಾನ ‘ಕ್ಯೂಟ್’ಗೆ. ಎರಡನೆಯದು ‘ನನ್ನ ತಮ್ಮನ ಥರಾನೇ ಇದೀರ’. ಮೂರನೆಯದು ಬಿರುದಲ್ಲ, ಪ್ರಶ್ನೆ: ‘ತಪ್ಪು ತಿಳ್ಕೋಬೇಡಿ, ನೀವು ಗೇ ನಾ?’

ತಪ್ಪು ತಿಳಿದುಕೊಂಡಿಲ್ಲ. ಇಲ್ಲ ಅಂತ ಹೇಳಿ ಕಾಫಿ ಮುಂದುವರಿಸಿದ್ದೇನೆ. ಇದನ್ನು ಬರೀತಿರೋದು ಸ್ವಂತ ಗೋಳು ಹೇಳಿಕೊಳ್ಳೋಕೂ ಅಲ್ಲ. ನನ್ನಂಥದ್ದೇ ಮುಖದ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕ ಹುಡುಗರಿಗೆ ರೀಲ್ಸ್‌ನಲ್ಲಿ ಈಗ ಒಂದು ಕಥೆ ಭರ್ಜರಿಯಾಗಿ ಮಾರಾಟವಾಗ್ತಿದೆ. ಹುಡುಗಿಯರಿಗೆ ಬೇಕಿರೋದು ಒರಟು ಗಂಡಸು. ಇದು ಪ್ರಕೃತಿ ನಿಯಮ. ಡೇಟಿಂಗ್ ಆ್ಯಪ್‌ಗಳು ಇದನ್ನು ಲೆಕ್ಕ ಸಮೇತ ಸಾಬೀತು ಮಾಡಿವೆ. ಆದ್ದರಿಂದ ನೀನು ಒಂಟಿಯಾಗಿರೋದಕ್ಕೆ ಹುಡುಗಿಯರ ದುರಾಸೆಯೇ ಕಾರಣ. ಕಥೆ ಕೇಳಿಸಿಕೊಂಡ ಹುಡುಗ ಮೊದಲು ಜಿಮ್‌ಗೆ ದುಡ್ಡು ಕಟ್ಟುತ್ತಾನೆ, ಆಮೇಲೆ ಗಡ್ಡದ ಎಣ್ಣೆ ಕೊಳ್ಳುತ್ತಾನೆ, ಇಷ್ಟಕ್ಕೂ ಕೆಲಸ ಆಗದಿದ್ದಾಗ ಹೆಣ್ಣುಮಕ್ಕಳ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾನೆ. ಈ ಕಥೆ ಎಲ್ಲೆಲ್ಲಿ ಸುಳ್ಳು ಅನ್ನೋದನ್ನು ಒಂದು ಸಲ ಬಿಡಿಸಿ ನೋಡೋಣ.

ಅರ್ಧ ಗ್ರಾಫ್

‘ಹೆಂಗಸರ ಕಣ್ಣಲ್ಲಿ ನೂರಕ್ಕೆ 80 ಗಂಡಸರು ಆ್ಯವರೇಜ್‌ಗಿಂತ ಕಡಿಮೆ.’ ರೆಡ್ ಪಿಲ್ ವಿಡಿಯೊಗಳಲ್ಲಿ ವೇದವಾಕ್ಯದ ಹಾಗೆ ಬರುವ ಅಂಕಿ ಇದು. ಅಂಕಿ ಸುಳ್ಳಲ್ಲ. ಅಮೆರಿಕದ ಓಕೆಕ್ಯುಪಿಡ್ 2009ರಲ್ಲಿ ತನ್ನದೇ ಬಳಕೆದಾರರ ಡೇಟಾ ತೆಗೆದು ಪ್ರಕಟಿಸಿತ್ತು. ಬರೆದವರು ಅದರ ಸಂಸ್ಥಾಪಕರಲ್ಲೊಬ್ಬರಾದ, ಗಣಿತ ಓದಿದ ಕ್ರಿಶ್ಚಿಯನ್ ರಡ್ಡರ್. ಆದರೆ ಅದೇ ಬರಹದಲ್ಲಿ ಇನ್ನೊಂದು ಗೆರೆಯೂ ಇತ್ತು, ವಿಡಿಯೊದವರು ಅದನ್ನು ಕತ್ತರಿಸಿ ಎಸೆದಿದ್ದಾರೆ. ಹೆಂಗಸರು ಮಾರ್ಕ್ಸ್ ಕೊಡುವಾಗ ಬಿಗಿ ಕೈ, ನಿಜ. ಆದರೆ ಮೆಸೇಜ್ ಕಳಿಸುವಾಗ ತಾವೇ ಕಡಿಮೆ ಮಾರ್ಕ್ಸ್ ಕೊಟ್ಟ ಗಂಡಸರಿಗೂ ಬರೀತಿದ್ದರು. ಗಂಡಸರದು ಇದಕ್ಕೆ ತದ್ವಿರುದ್ಧ. ಮಾರ್ಕ್ಸ್ ಧಾರಾಳವಾಗಿ, ನ್ಯಾಯವಾಗಿ ಕೊಟ್ಟರು. ಮೆಸೇಜ್‌ಗಳಲ್ಲಿ ಮೂರನೇ ಎರಡು ಪಾಲು ಮಾತ್ರ ಹೋಗಿದ್ದು ಅತಿ ಚೆಲುವೆಯರೆನಿಸಿದ ಮೂರನೇ ಒಂದು ಭಾಗದ ಹೆಂಗಸರಿಗೆ. ರೂಪ ನೋಡಿ ಬಾಗಿಲು ಹಾಕ್ತಿದ್ದವರು ಯಾರು ಅಂತ ನೀವೇ ಹೇಳಿ. ಎಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ನನಗೆ ಇವತ್ತಿಗೂ ಉಪಯೋಗಕ್ಕೆ ಬರ್ತಿರೋ ಪಾಠ ಒಂದೇ: ಯಾರಾದರೂ ಗ್ರಾಫ್ ತೋರಿಸಿದರೆ ವೈ ಆ್ಯಕ್ಸಿಸ್ ಮೇಲೆ ಏನಿದೆ ಅಂತ ಕೇಳು.

ಹಾಗಂತ ಆ್ಯಪ್‌ನಲ್ಲಿ ನಮ್ಮಂಥವರಿಗೆ ಕಷ್ಟವೇ ಇಲ್ಲ ಅಂತಲ್ಲ. ಇದೆ, ಆದರೆ ಕಾರಣ ಬೇರೆ. ನಮ್ಮ ದೇಶದ ಆ್ಯಪ್‌ಗಳಲ್ಲಿ ಗಂಡಸರ ಸಂಖ್ಯೆ ಹೆಂಗಸರಿಗಿಂತ ಎಷ್ಟೋ ಪಟ್ಟು ಹೆಚ್ಚು. ಜಾತ್ರೆಯಲ್ಲಿ ಸಾಲಾಗಿ ನೂರು ಬತ್ತಾಸಿನ ಅಂಗಡಿ ಇಟ್ಟು ಗಿರಾಕಿಗಳು ಹತ್ತೇ ಜನ ಬಂದ ಹಾಗೆ. ಮ್ಯಾಚ್ ಸಿಗದ ಗಂಡಸು ಕಂಡ ಕಂಡವರನ್ನೆಲ್ಲ ಬಲಕ್ಕೆ ತಳ್ಳುತ್ತಾನೆ. ಅದರಿಂದ ಹೆಂಗಸರ ಇನ್‌ಬಾಕ್ಸ್‌ಗೆ ಪ್ರವಾಹ ಬರುತ್ತೆ. ಪ್ರವಾಹ ಬಂದಾಗ ಅವರು ಇನ್ನಷ್ಟು ಬೇಗ ಬೇಗ ಎಡಕ್ಕೆ ತಳ್ಳುತ್ತಾರೆ. ಇದನ್ನು ಕಂಡ ಗಂಡಸು ಇನ್ನಷ್ಟು ಜನರನ್ನು ಬಲಕ್ಕೆ ತಳ್ಳುತ್ತಾನೆ. ಮೈಕನ್ನು ಸ್ಪೀಕರ್ ಹತ್ತಿರ ತಂದಾಗ ಕೂಗುತ್ತಲ್ಲ, ಅದೇ ಫೀಡ್‌ಬ್ಯಾಕ್.

ಈ ಗಲಾಟೆಯಲ್ಲಿ ಹೆಬ್ಬೆರಳಿನ ಗಾತ್ರದ ಫೋಟೊ ಎರಡು ಸೆಕೆಂಡಲ್ಲಿ ಏನನ್ನು ಹೇಳಬಲ್ಲದು? ದವಡೆಯ ಗೆರೆ, ಗಡ್ಡ, ಹೆಗಲಿನ ಅಗಲ. ಗಡ್ಡ ಅನ್ನೋದು ದೂರದಿಂದಲೂ ಕಾಣುವ ಕಪ್ಪು ಬಾರ್ಡರ್. ದನಿ, ತಮಾಷೆ, ಕೇಳಿಸಿಕೊಳ್ಳುವ ರೀತಿ, ಕೈಯಾಡಿಸುವ ಚಂದ, ಇವ್ಯಾವುವೂ ಆ ಪೈಪಿನಲ್ಲಿ ಹರಿಯೋದಿಲ್ಲ. ಮೆತ್ತಗಿನ ಮುಖದವರ ಆಸ್ತಿ ಬಹುಪಾಲು ಇರೋದೇ ಅಲ್ಲಿ. ನನ್ನ ಅನುಭವದಲ್ಲಿ ಆ್ಯಪ್‌ನಿಂದ ಆದ ಭೇಟಿಗಳಿಗಿಂತ ಗೆಳೆಯರ ಮನೆ, ನಾಟಕದ ತಾಲೀಮು, ಪ್ರತಿಭಟನೆಯಲ್ಲಿ ಪರಿಚಯವಾದವರ ಜೊತೆಗಿನ ಭೇಟಿಗಳು ಹೆಚ್ಚು ದೂರ ಹೋಗಿವೆ.

ಇನ್ನೊಂದು ವಿಷಯ ಸೇರಿಸಬೇಕು. ಲೋಕ್ ಫೌಂಡೇಶನ್ 2018ರಲ್ಲಿ 1.6 ಲಕ್ಷಕ್ಕೂ ಹೆಚ್ಚು ಕುಟುಂಬಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮದುವೆಯಾದವರಲ್ಲಿ ಶೇ. 93 ಮಂದಿ ತಮ್ಮದು ಮನೆಯವರು ನಿಶ್ಚಯಿಸಿದ ಮದುವೆ ಅಂದಿದ್ದರು. ಆ ವ್ಯವಸ್ಥೆಯಲ್ಲಿ ಗಂಡಿನ ರೂಪವನ್ನು ಯಾರೂ ಗಂಭೀರವಾಗಿ ತಗೊಂಡೇ ಇರಲಿಲ್ಲ. ‘ಹೆಣ್ಣು ನೋಡೋಕೆ’ ಹೋಗ್ತೀವಿ. ಉಪ್ಪಿಟ್ಟು, ಕೇಸರಿಬಾತ್ ತಿನ್ನುತ್ತಾ ಅವಳ ಬಣ್ಣ, ಎತ್ತರ, ಜಡೆ, ನಡಿಗೆ, ಹಲ್ಲು ಎಲ್ಲ ನೋಡ್ತೀವಿ. ಹುಡುಗನದು? ಕೆಲಸ, ಜಮೀನು, ಸೈಟು, ಜಾತಿ. ‘ಗಂಡಸಿಗೆ ರೂಪ ಯಾಕೆ’ ಅನ್ನೋ ಮಾತು ನಿಮ್ಮಜ್ಜಿಯ ಬಾಯಲ್ಲೂ ಕೇಳಿರ್ತೀರ. ಹೆಣ್ಣುಮಕ್ಕಳು ತಲೆತಲಾಂತರದಿಂದ ಅನುಭವಿಸಿದ ಆ ಪರೀಕ್ಷೆಗೆ ಗಂಡಸರು, ಅದೂ ನಗರದ ಒಂದು ಸಣ್ಣ ಪಾಲು ಗಂಡಸರು, ಮೊದಲ ಬಾರಿಗೆ ಕೂತಿರೋದು ಈ ಹತ್ತು ಹದಿನೈದು ವರ್ಷಗಳಲ್ಲಿ. ‘ಆ್ಯಪ್ ಬಂದ ಮೇಲೆ ಹುಡುಗಿಯರು ರೂಪ ನೋಡೋದು ಕಲಿತುಬಿಟ್ರು’ ಅಂತ ಯಾರಾದರೂ ಗೊಣಗಿದರೆ ನನಗೆ ಸಹಾನುಭೂತಿಗಿಂತ ನಗು ಮೊದಲು ಬರುತ್ತೆ. ರಾಜ್ ಬಿ. ಶೆಟ್ಟಿ 2017ರಲ್ಲಿ ಮಾಡಿದ ‘ಒಂದು ಮೊಟ್ಟೆಯ ಕಥೆ’ ನನಗೆ ಇಷ್ಟವಾಗೋದು ಅದಕ್ಕೇ. ಬೋಳುತಲೆಗಾಗಿ ನೋವುಣ್ಣುವ ಕನ್ನಡ ಮೇಷ್ಟ್ರ ಕಣ್ಣು ಹುಡುಗಿಯರ ಮೈಮಾಟವನ್ನು ಅಳೆಯೋದನ್ನು ಮಾತ್ರ ಬಿಟ್ಟಿರೋದಿಲ್ಲ.

ಪ್ರಕೃತಿ ನಿಯಮವಾ?

ಗಡ್ಡದ ವಿಷಯಕ್ಕೆ ಬರೋಣ. ಗಡ್ಡ ದಟ್ಟವಾಗಿ ಬಂದರೆ ‘ಗಂಡಸುತನ’ದ ಹಾರ್ಮೋನು ಜಾಸ್ತಿ ಇದೆ ಅಂತ ಲೆಕ್ಕ ಹಾಕೋರು ಬಹಳ. ಟೆಸ್ಟೊಸ್ಟೆರಾನ್ ಬೇಕು, ನಿಜ. ಆದರೆ ಆರೋಗ್ಯವಂತ ಗಂಡಸರ ನಡುವೆ ಗಡ್ಡದ ವ್ಯತ್ಯಾಸವನ್ನು ಬಹುಮಟ್ಟಿಗೆ ತೀರ್ಮಾನಿಸೋದು ರಕ್ತದಲ್ಲಿ ಎಷ್ಟಿದೆ ಅನ್ನೋದಲ್ಲ, ಕೂದಲ ಬುಡ ಅದಕ್ಕೆ ಎಷ್ಟು ಸ್ಪಂದಿಸುತ್ತೆ ಅನ್ನೋದು. ಅದು ವಂಶವಾಹಿಯ ಲಾಟರಿ. ಟೆಸ್ಟೊಸ್ಟೆರಾನ್‌ನಿಂದಲೇ ತಯಾರಾಗುವ ಡಿಎಚ್‌ಟಿ ಅನ್ನೋ ಹಾರ್ಮೋನು ಮುಖದಲ್ಲಿ ಕೂದಲು ಬೆಳೆಸುತ್ತೆ, ಅದೇ ಹಾರ್ಮೋನು ತಲೆಯ ಮೇಲಿನದನ್ನು ಉದುರಿಸುತ್ತೆ. ನನ್ನ ಬ್ಯಾಚಿನ ದಟ್ಟ ಗಡ್ಡದವರಲ್ಲಿ ಅರ್ಧ ಜನ ಈಗ ಟೋಪಿ ಹಾಕ್ಕೊಂಡು ಓಡಾಡ್ತಾರೆ. ಇದು ವಿಜ್ಞಾನ ಅಲ್ಲ, ಸುಮ್ಮನೆ ನನ್ನ ಖುಷಿಗೆ ಹೇಳಿದೆ.

ಗಡ್ಡಕ್ಕೆ ಅಂತ ಹುಡುಗರು ಹಚ್ಚಿಕೊಳ್ತಿರೋ ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮಾತ್ರೆ. ತಲೆಗೂದಲಿಗೆ ಹಚ್ಚುವ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಗಡ್ಡಕ್ಕೆ ಅಂತ ಅದಕ್ಕೆ ಅಲ್ಲಿ ಮಂಜೂರಾತಿ ಇಲ್ಲ. ಕೆಲವರಿಗೆ ಎದೆ ಬಡಿತ ಏರುಪೇರಾಗುತ್ತೆ. ಮನೆಯಲ್ಲಿ ಬೆಕ್ಕಿದ್ದರಂತೂ ಇನ್ನೂ ಜಾಗ್ರತೆ, ಬೆಕ್ಕಿಗೆ ಅದು ವಿಷ. ಡಾಕ್ಟರನ್ನು ಕೇಳದೆ ಇನ್‌ಸ್ಟಾಗ್ರಾಮ್ ಇನ್‌ಫ್ಲುಯೆನ್ಸರ್ ಮಾತು ಕೇಳಿ ಹಚ್ಚಬೇಡಿ.

ಹಾಗಾದರೆ ಹೆಂಗಸರಿಗೆ ಒರಟು ಮುಖವೇ ಇಷ್ಟ ಅನ್ನೋದು? 1998ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಪೆರೆಟ್ ತಂಡ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಗಂಡಸರ ಮುಖಗಳನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಒರಟಾಗಿ, ಸ್ವಲ್ಪ ಮೆತ್ತಗೆ ಮಾಡಿ ತೋರಿಸಿದರು. ಬ್ರಿಟನ್ ಮತ್ತು ಜಪಾನ್ ಎರಡೂ ಕಡೆ ಜನ ಆರಿಸಿದ್ದು ಮೆತ್ತಗಿನ ಮುಖಗಳನ್ನು. ಮರುವರ್ಷವೇ ಅದೇ ಪತ್ರಿಕೆಯಲ್ಲಿ ಇನ್ನೊಂದು ಬಂತು: ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿರುವ ದಿನಗಳಲ್ಲಿ ಹೆಂಗಸರಿಗೆ ಒರಟು ಮುಖ ಹೆಚ್ಚು ಹಿಡಿಸುತ್ತೆ ಅಂತ. ಇದನ್ನು ಪತ್ರಿಕೆ, ಟಿವಿ, ಸೆಲ್ಫ್ ಹೆಲ್ಪ್ ಪುಸ್ತಕಗಳು ಇಪ್ಪತ್ತು ವರ್ಷ ಚಪ್ಪರಿಸಿಕೊಂಡು ತಿಂದವು. 2018ರಲ್ಲಿ ಬೆನೆಡಿಕ್ಟ್ ಜೋನ್ಸ್ ಮತ್ತು ಸಂಗಡಿಗರು ಸುಮಾರು 600 ಹೆಂಗಸರನ್ನು ಹಾರ್ಮೋನು ಅಳತೆಯ ಸಮೇತ ಪರೀಕ್ಷಿಸಿದಾಗ ಅಂಥ ಬದಲಾವಣೆಗೆ ನಂಬಬಹುದಾದ ಸಾಕ್ಷ್ಯ ಸಿಗಲಿಲ್ಲ. ಆ ಸುದ್ದಿ ಮಾತ್ರ ಯಾವ ರೀಲ್‌ನಲ್ಲೂ ಇಲ್ಲ.

ಇನ್ನೊಂದು ಅಧ್ಯಯನ 2014ರದ್ದು. 12 ಬೇರೆ ಬೇರೆ ಜನಸಮುದಾಯಗಳಲ್ಲಿ, ಕಾಡಂಚಿನ ಸಣ್ಣ ಗುಂಪುಗಳಿಂದ ಹಿಡಿದು ದೊಡ್ಡ ನಗರಗಳವರೆಗೆ, ಇದೇ ಪ್ರಶ್ನೆ ಕೇಳಿದರು. ‘ಗಂಡಸಿನ ಮುಖ ಗಡುಸಾಗಿರಬೇಕು, ಹೆಂಗಸಿನದು ನಾಜೂಕಾಗಿರಬೇಕು’ ಅನ್ನೋ ಒಲವು ಎದ್ದು ಕಂಡಿದ್ದು ಅಭಿವೃದ್ಧಿ ಹೊಂದಿದ, ನಗರೀಕರಣಗೊಂಡ ಕಡೆ. ಆದಿಮಾನವನ ಕಾಲದ್ದು ಅಂತ ನಮಗೆ ಹೇಳ್ತಿರೋ ರುಚಿ ಬಹುಶಃ ಹೊಸ ಕಾಲದ್ದು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಗಡ್ಡದ ಮೇಲೆ ನಡೆದ ಪ್ರಯೋಗ ಇನ್ನೂ ಮಜವಾಗಿದೆ. ಗಡ್ಡದವರು ಕಡಿಮೆ ಇದ್ದಾಗ ಗಡ್ಡಕ್ಕೆ ಬೆಲೆ ಹೆಚ್ಚು, ಎಲ್ಲರೂ ಬಿಟ್ಟುಕೊಂಡಾಗ ನುಣುಪು ಕೆನ್ನೆಗೆ ಬೆಲೆ ಹೆಚ್ಚು. ಈರುಳ್ಳಿ ಮಾರ್ಕೆಟ್ ಥರ.

‘ಮಾರ್ಷಿಯಲ್’ ಅಲ್ಲದವರು

ಪ್ರಕೃತಿಯಲ್ಲದಿದ್ದರೆ ಈ ಅಳತೆಗೋಲು ಎಲ್ಲಿಂದ ಬಂತು? ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟುವ ಚಟ ನನಗಿಲ್ಲ. ‘ಗಂಡುಮೆಟ್ಟಿನ ನಾಡು’ ಅಂತ ನಾವೇ ಹೆಮ್ಮೆಪಡ್ತಿದ್ದೆವು. ಆದರೂ ಗಂಡಸರ ಮೈಕಟ್ಟನ್ನು ಪ್ರಾಂತ್ಯವಾರು, ಜಾತಿವಾರು ಅಳೆದು ಸರ್ಕಾರಿ ನೀತಿ ಮಾಡಿದ್ದು ಅವರೇ. ಮೆಕಾಲೆ 1841ರಲ್ಲಿ ವಾರನ್ ಹೇಸ್ಟಿಂಗ್ಸ್ ಬಗ್ಗೆ ಬರೆದ ಪ್ರಬಂಧದಲ್ಲಿ ಬಂಗಾಳಿ ಗಂಡಸು ಹೆಣ್ಣಿನಷ್ಟು ದುರ್ಬಲ ಅಂತ ವರ್ಣಿಸಿದ. ಇತಿಹಾಸಕಾರ್ತಿ ಮೃಣಾಲಿನಿ ಸಿನ್ಹಾ 1995ರ ತಮ್ಮ ಪುಸ್ತಕದಲ್ಲಿ ತೋರಿಸೋದು ಇದನ್ನೇ: ‘ಹೆಣ್ಣಿಗ ಬಾಬು’ ಅನ್ನೋ ಚಿತ್ರ ಗಟ್ಟಿಯಾಗಿದ್ದು ಇಂಗ್ಲಿಷ್ ಕಲಿತ ಬಂಗಾಳಿಗಳು ಅಧಿಕಾರದಲ್ಲಿ ಪಾಲು ಕೇಳೋಕೆ ಶುರುಮಾಡಿದ ಕಾಲದಲ್ಲಿ.

ದಕ್ಷಿಣದ ಪಾಳಿ ಆಮೇಲೆ ಬಂತು. 1881ರಿಂದ 1885ರವರೆಗೆ ಮದ್ರಾಸ್ ಸೇನೆಯ ದಂಡನಾಯಕನಾಗಿದ್ದ, ಆಮೇಲೆ ಇಡೀ ಭಾರತದ ಸೇನೆಗೆ ಮುಖ್ಯಸ್ಥನಾದ ಲಾರ್ಡ್ ರಾಬರ್ಟ್ಸ್‌ಗೆ ದಕ್ಷಿಣದ ಸಿಪಾಯಿಗಳು ಮೆತ್ತಗಾಗಿದ್ದಾರೆ ಅಂತ ಖಚಿತವಾಗಿತ್ತು. ‘ಯೋಧ ಜನಾಂಗ’ಗಳು ಇರೋದು ಪಂಜಾಬಿನ ಕಡೆ, ನೇಪಾಳದ ಕಡೆ ಅಂತ ನೇಮಕಾತಿ ಅತ್ತ ಸರಿಯಿತು. ಈ ತೀರ್ಮಾನಕ್ಕೆ ಬರೀ ನೂರು ವರ್ಷ ಹಿಂದೆ, 1780ರಲ್ಲಿ, ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಮೈಸೂರು ಸೇನೆ ಕರ್ನಲ್ ಬೇಲಿಯ ತುಕಡಿಯನ್ನು ಪುಡಿಪುಡಿ ಮಾಡಿತ್ತು. ಇದೇ ಸರ್ಕಾರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿ ‘ಯೂನಕ್’ಗಳ ಪಟ್ಟಿ ಮಾಡಿಸಿ, ಆ ಪಟ್ಟಿಯಲ್ಲಿರುವವರು ಹೆಣ್ಣುಡುಗೆಯಲ್ಲಿ ಸಾರ್ವಜನಿಕವಾಗಿ ಕಾಣಿಸಿಕೊಂಡರೆ ಜೈಲು ಅಂದಿತು. ಬ್ರಿಟಿಷರು ಹೋಗಿ 64 ವರ್ಷ ಆದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ ಅದೇ ‘ಯೂನಕ್’ ಪದ ಹಿಡಿದುಕೊಂಡು 36ಎ ಕಲಂ ಸೇರಿಸಿದ್ದು ಮಾತ್ರ ನಾವೇ.

ಆಶಿಶ್ ನಂದಿ 1983ರ ‘ದಿ ಇಂಟಿಮೇಟ್ ಎನಿಮಿ’ಯಲ್ಲಿ ವಾದಿಸೋದು, ವಸಾಹತುಶಾಹಿಯ ಅಳತೆಗೋಲನ್ನು ಅದಕ್ಕೆ ಸಿಕ್ಕಿ ನರಳಿದವರೇ ಎತ್ತಿಕೊಂಡು ತಮ್ಮೊಳಗೆ ಇಟ್ಟುಕೊಂಡರು ಅಂತ. ‘ನಾವೇನು ಕೈಗೆ ಬಳೆ ತೊಟ್ಟು ಕೂತಿಲ್ಲ’ ಅನ್ನೋ ಡೈಲಾಗ್ ಹೊಡೆಯದ ಪಕ್ಷ ನಮ್ಮ ರಾಜ್ಯದಲ್ಲಿ ಯಾವುದಿದೆ? ನೀವು ಎಡವೋ ಬಲವೋ ನಡುವೋ, ನಿಮ್ಮ ಇಷ್ಟದ ನಾಯಕರ ಭಾಷಣ ತೆಗೆದು ನೋಡಿ. ಸಿಟ್ಟು ಬಂದಾಗ ಎಲ್ಲರಿಗೂ ಸಿಗೋದು ಅದೇ ಬಳೆ, ಅದೇ ಸೀರೆ.

ಇದು ನಮ್ಮೊಬ್ಬರ ಕಾಯಿಲೆಯೂ ಅಲ್ಲ. 2021ರ ಸೆಪ್ಟೆಂಬರಿನಲ್ಲಿ ಚೀನಾದ ಪ್ರಸಾರ ನಿಯಂತ್ರಕರು ‘ಹೆಣ್ಣಿಗ’ ಶೈಲಿಯ ಗಂಡಸರನ್ನು ಟಿವಿಯಲ್ಲಿ ತೋರಿಸಬೇಡಿ ಅಂತ ಅಧಿಕೃತವಾಗಿಯೇ ಆದೇಶ ಹೊರಡಿಸಿದರು. ಅವರ ತಲೆನೋವು ದಕ್ಷಿಣ ಕೊರಿಯಾದಿಂದ ಬಂದ ‘ಹೂವಿನ ಹುಡುಗ’ರ ಫ್ಯಾಶನ್. ಆ ಕೊರಿಯಾದಲ್ಲಿ ಗಂಡಸರಿಗೆ ಸೇನಾ ಸೇವೆ ಕಡ್ಡಾಯ. ಲಿಪ್ ಟಿಂಟ್ ಹಚ್ಚುವ ಬಿಟಿಎಸ್ ಹುಡುಗರು 2022ರ ಡಿಸೆಂಬರಿನಿಂದ ಒಬ್ಬೊಬ್ಬರಾಗಿ ಹೋಗಿ ಅದನ್ನು ಮುಗಿಸಿಕೊಂಡು ಬಂದರು. ಮೈಸೂರು, ದಾವಣಗೆರೆಯ ಪಿಯು ಹುಡುಗಿಯರ ಫೋನ್ ವಾಲ್‌ಪೇಪರ್‌ನಲ್ಲಿ ಇರೋದು ಆ ನುಣುಪು ಕೆನ್ನೆಗಳೇ. ‘ಹುಡುಗಿಯರಿಗೆ ಒರಟರೇ ಬೇಕು’ ಅನ್ನೋರು ಒಂದು ಸಲ ಆ ಫೋನ್‌ಗಳನ್ನು ನೋಡಬೇಕು.

ನಮ್ಮ ಸಿನಿಮಾದಲ್ಲೂ ಅಳತೆಗೋಲು ಸ್ಥಿರವಾಗಿರಲಿಲ್ಲ. 1976ರ ‘ಬಯಲುದಾರಿ’ಯ, 1979ರ ‘ನಾ ನಿನ್ನ ಬಿಡಲಾರೆ’ಯ ಅನಂತನಾಗ್ ಮುಖದಲ್ಲಿ ಗಡಸುತನ ಎಲ್ಲಿತ್ತು? ಒಂದಿಡೀ ತಲೆಮಾರಿನ ಹೆಂಗಸರು ಆ ಮುಖವನ್ನು ಪ್ರೀತಿಸಿದ್ದಾರೆ, ನಮ್ಮ ಅಮ್ಮನನ್ನೂ ಸೇರಿಸಿ. 90ರ ದಶಕದ ಹೊತ್ತಿಗೆ ರಮೇಶ್ ಅರವಿಂದ್‌ಗೆ ‘ತ್ಯಾಗರಾಜ’ ಅನ್ನೋ ಅಡ್ಡಹೆಸರು ಬಿತ್ತು. ಮೃದು ಮುಖದ ಗಂಡು ಪ್ರೀತಿಸಬಹುದು, ಕೊನೆಯಲ್ಲಿ ಹುಡುಗಿ ಮಾತ್ರ ಸಿಗೋದಿಲ್ಲ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಬಂತು. ತಮಾಷೆ ಅಂದರೆ ಬಂಬಲ್ ಆ್ಯಪ್ ಭಾರತಕ್ಕೆ ಬಂದಿದ್ದೂ ಅದೇ ತಿಂಗಳು. ಆ ಗಡ್ಡ ಊರೂರಿನ ಸಲೂನ್ ಗೋಡೆಗಳಿಗೆ ಹತ್ತಿಕೊಂಡಿತು, ಈ ಆ್ಯಪ್ ಫೋನ್‌ಗೆ. ಯಶ್ ಅವರ ತಪ್ಪೇನೂ ಇಲ್ಲ, ಅವರಿಗೆ ಚೆನ್ನಾಗಿಯೇ ಒಪ್ಪುತ್ತೆ.

ಹಾಸ್ಟೆಲ್ ಕಾರಿಡಾರ್

ಈಗ ನನ್ನ ಮುಖ್ಯ ವಾದ. ನನ್ನ ಮುಖವನ್ನು ಬೇಡ ಅಂದ ಹುಡುಗಿಯರು ಬಹಳ ಜನ ಇದ್ದಾರೆ. ಬೇಡ ಅಂದರು, ಹೋದರು, ಅಷ್ಟೇ. ಅವರ ಹಕ್ಕು. ನನ್ನ ಮುಖವನ್ನು ಅವಮಾನ ಮಾಡಿದವರ ಪಟ್ಟಿ ಬೇರೆ, ಅದರಲ್ಲಿರೋರು ಹೆಚ್ಚುಕಡಿಮೆ ಎಲ್ಲ ಗಂಡಸರು.

ನಾನು ಓದಿದ ಕಾಲೇಜಿನ ಹಾಸ್ಟೆಲ್‌ನಲ್ಲಿ ಮೊದಲ ವಾರವೇ ನನಗೆ ‘ಮಾಲಾಶ್ರೀ’ ಅಂತ ಹೆಸರು ಬಿತ್ತು. ತೆರೆಯ ಮೇಲೆ ಹತ್ತು ಗಂಡಸರನ್ನು ಎತ್ತಿ ಒಗೆಯುತ್ತಿದ್ದ ನಟಿ ಆಕೆ ಅನ್ನೋದು ಹೆಸರಿಟ್ಟವರಿಗೆ ಹೊಳೆದಿರಲಿಲ್ಲ. ನನ್ನದು ಹೆಸರಿನಲ್ಲೇ ಮುಗೀತು. ನಮಗಿಂತ ಒಂದು ವರ್ಷ ಚಿಕ್ಕವನೊಬ್ಬ ಇದ್ದ, ನಡೆಯುವಾಗ ಸೊಂಟ ತುಸು ಬಳುಕುತ್ತಿತ್ತು. ರಾತ್ರಿ ಊಟ ಆದ ಮೇಲೆ ಅವನನ್ನು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಸೋರು, ಎರಡೂ ಕಡೆ ನಿಂತು ಶಿಳ್ಳೆ ಹಾಕೋರು. ವಾರ್ಡನ್‌ಗೆ ಗೊತ್ತಿತ್ತು. ‘ಸ್ವಲ್ಪ ಗಂಡಸಾಗೋದು ಕಲಿ’ ಅಂತ ಅವನಿಗೇ ಬುದ್ಧಿ ಹೇಳಿದರು. ಮೂರನೇ ಸೆಮಿಸ್ಟರ್ ಪರೀಕ್ಷೆಗೆ ಅವನು ಬರಲಿಲ್ಲ, ಆಮೇಲೆ ಕಾಲೇಜಿಗೂ ಬರಲಿಲ್ಲ. ಶಿಳ್ಳೆ ಹಾಕಿದವರಲ್ಲಿ ಒಬ್ಬನೂ ಅವನನ್ನು ಡೇಟ್ ಮಾಡಬೇಕಾಗಿದ್ದ ಹುಡುಗಿಯಲ್ಲ.

ಡೇಟಿಂಗ್‌ನಲ್ಲೂ ಈ ಕಾರಿಡಾರ್ ಹಿಂದೆಯೇ ಬರುತ್ತೆ. ಕೆಲವು ವರ್ಷದ ಹಿಂದೆ ಮೂರು ತಿಂಗಳು ಒಬ್ಬರ ಜೊತೆ ಓಡಾಡ್ತಿದ್ದೆ. ಚೆನ್ನಾಗಿಯೇ ಇತ್ತು. ಒಂದು ದಿನ ಜಯನಗರದಲ್ಲಿ ಫೋಟೊ ತೆಗೆದುಕೊಂಡೆವು, ಆದರೆ ಅವರು ಅದನ್ನು ಎಲ್ಲೂ ಹಾಕಲಿಲ್ಲ. ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಹೇಳಿದರು: ‘ನಂಗೇನಿಲ್ಲ. ನಮ್ಮ ಕಸಿನ್ಸ್ ಇದಾರಲ್ಲ, ಅವ್ರು ಇದನ್ನ ಇಟ್ಕೊಂಡು ಜೀವಮಾನ ಪೂರ್ತಿ ಆಡ್ಕೋತಾರೆ.’ ಕಸಿನ್ಸ್ ಅಂದರೆ ಅಣ್ಣಂದಿರು, ಭಾವಂದಿರು. ಅವರಿಗೆ ಹಿಡಿಸಿದ್ದ ಮುಖವನ್ನು ಅವರ ಬದುಕಿನ ಗಂಡಸರು ವೀಟೊ ಮಾಡಿದ್ದರು. ಸಮಾಜಶಾಸ್ತ್ರಜ್ಞೆ ರೆವಿನ್ ಕಾನೆಲ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಗಂಡಸುತನ ಅನ್ನೋದು ಒಂದೇ ಅಲ್ಲ, ಹಲವು. ಅವುಗಳೊಳಗೆ ಮೇಲು ಕೀಳಿನ ಶ್ರೇಣಿ ಇದೆ. ಆ ಶ್ರೇಣಿ ಹೆಂಗಸರನ್ನು ಕೆಳಗಿಡುವ ಹಾಗೆ ಕೆಲವು ಗಂಡಸರನ್ನೂ ಕೆಳಗಿಡುತ್ತೆ.

ಕೆಳಗಿರೋರೂ ಸಮಾನರಲ್ಲ. ನನ್ನ ಮುಖಕ್ಕೆ ‘ಒಳ್ಳೇ ಮನೆತನದ ಹುಡುಗ’, ‘ಸಾತ್ವಿಕ ಕಳೆ’ ಅನ್ನೋ ಮಾತುಗಳೂ ಸಿಕ್ಕಿವೆ. ಅದರಲ್ಲಿ ನನ್ನ ಸರ್‌ನೇಮಿನ, ಸಾಫ್ಟ್‌ವೇರ್ ಕಂಪನಿಗಳಿಂದ ತುಂಬಿದ ನಮ್ಮ ಬಡಾವಣೆಯ ಪಾಲೆಷ್ಟು ಅಂತ ಲೆಕ್ಕ ಹಾಕೋದು ಕಷ್ಟವೇನಲ್ಲ. ಇದೇ ದೇಶದಲ್ಲಿ 2017ರಲ್ಲಿ ಗಾಂಧಿನಗರದ ಹತ್ತಿರದ ಲಿಂಬೋದರಾದಲ್ಲಿ ಮೀಸೆ ಬಿಟ್ಟಿದ್ದಕ್ಕೆ ದಲಿತ ಯುವಕರ ಮೇಲೆ ಹಲ್ಲೆಯಾಯಿತು. ಪ್ರತಿಭಟನೆಗೆ ನೂರಾರು ಹುಡುಗರು ವಾಟ್ಸ್‌ಆ್ಯಪ್ ಡಿಪಿಗೆ ಮೀಸೆಯ ಚಿತ್ರ ಹಾಕಿಕೊಂಡರು. ನನಗೆ ಮೀಸೆ ಬರಲಿಲ್ಲ ಅಂತ ನಗುತ್ತಾರೆ, ಅವರಿಗೆ ಮೀಸೆ ಬಂತು ಅಂತ ಹೊಡೀತಾರೆ. ಯಾರ ಮುಖದ ಮೇಲೆ ಎಷ್ಟು ಗಂಡಸುತನ ಇರಬಹುದು ಅಂತ ತೀರ್ಮಾನಿಸುವ ಅಧಿಕಾರ ಎರಡೂ ಕಡೆ ಒಂದೇ ಕೈಯಲ್ಲಿದೆ.

ಗೇ ಗೆಳೆಯರ ಕಥೆ ಇನ್ನೂ ಕಠಿಣ. ‘ನೀವು ಗೇ ನಾ’ ಅನ್ನೋ ಪ್ರಶ್ನೆ ನನಗೆ ಒಂದು ಕಾಫಿಯ ಮುಜುಗರ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಂನ ಹಲ್ಲು ಕೀಳುವವರೆಗೆ ಹಲವರಿಗೆ ಅದು ಬ್ಲ್ಯಾಕ್‌ಮೇಲಿನ ಮೊದಲ ಸಾಲಾಗಿತ್ತು. ಅವರದೇ ಆ್ಯಪ್‌ಗಳಲ್ಲಿ ‘ಹೆಣ್ಣಿಗರು ಬೇಡ’, ‘ಗಂಡಸಿನ ಥರ ಇರೋರು ಮಾತ್ರ’ ಅನ್ನೋ ಬಯೋಗಳು ಎಷ್ಟಿದ್ದವೆಂದರೆ 2009ರಲ್ಲಿ ಶುರುವಾದ ಗ್ರೈಂಡರ್ 2018ರಲ್ಲಿ ‘ಕೈಂಡರ್’ ಅಂತ ಪ್ರತ್ಯೇಕ ಅಭಿಯಾನವನ್ನೇ ಮಾಡಬೇಕಾಯಿತು. ಅಲ್ಲಿ ಹುಡುಗಿಯರೇ ಇಲ್ಲ, ಗಮನಿಸಿ. ಮೆತ್ತಗಿನವರನ್ನು ಹೆಂಗಸರು ತಿರಸ್ಕರಿಸ್ತಾರೆ ಅನ್ನೋ ಸಿದ್ಧಾಂತಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ರಾತ್ರಿಯಿಡೀ ಚಪ್ಪಾಳೆ ಹೊಡೆಯೋ, ಗಡ್ಡ ಮೀಸೆಯಾಚೆಗಿನ ಆತ್ಮದ ಬಗ್ಗೆ ಮಾತಾಡಿದ ದೇವರ ದಾಸಿಮಯ್ಯನನ್ನು ಪಠ್ಯದಲ್ಲಿ ಓದಿಸೋ ನಾಡು ನಮ್ಮದು. ಬಣ್ಣ ತೊಳೆದ ಮೇಲೆ, ಕ್ಲಾಸ್ ಬಿಟ್ಟ ಮೇಲೆ ಚಪ್ಪಾಳೆ ನಿಂತುಹೋಗುತ್ತೆ.

ಇಷ್ಟೆಲ್ಲ ನೋವಿನ ಮೇಲೆ ವ್ಯಾಪಾರ ನಡೆಯದೆ ಇರುತ್ತಾ? 2005ರಲ್ಲಿ ಇಮಾಮಿ ‘ಫೇರ್ ಆ್ಯಂಡ್ ಹ್ಯಾಂಡ್‌ಸಮ್’ ತಂದಾಗ ಕ್ರೀಮಿಗಿಂತ ಮುಂಚೆ ಮಾರಾಟವಾಗಿದ್ದು ‘ನಿನ್ನ ಮುಖದಲ್ಲಿ ಏನೋ ಕೊರತೆ ಇದೆ’ ಅನ್ನೋ ಭಾವನೆ. ಈಗ ದವಡೆ ಗಟ್ಟಿ ಮಾಡೋ ಚೂಯಿಂಗ್ ಗಮ್‌ವರೆಗೆ ಬಂದಿದೆ. ಎಲ್ಲಕ್ಕಿಂತ ಲಾಭದ ಸರಕು ಮಾತ್ರ ಸಿಟ್ಟು. 2022ರ ಡಿಸೆಂಬರಿನಲ್ಲಿ ಮಾನವ ಕಳ್ಳಸಾಗಣೆಯ ಆರೋಪದಲ್ಲಿ ರೊಮೇನಿಯಾದಲ್ಲಿ ಬಂಧಿತನಾದ, ಆರೋಪಗಳನ್ನು ನಿರಾಕರಿಸುವ ಆ್ಯಂಡ್ರೂ ಟೇಟ್‌ನ ತುಣುಕುಗಳು ಕನ್ನಡ ಸಬ್‌ಟೈಟಲ್ ಹಾಕಿಕೊಂಡು ಓಡಾಡ್ತಿವೆ. ಕಾರಿಡಾರಿನಲ್ಲಿ ಶಿಳ್ಳೆ ಹಾಕಿದವರ ಭಾಷೆಯನ್ನೇ, ಶಿಳ್ಳೆ ತಿ‌ಂದ ಹುಡುಗನಿಗೆ ದುಡ್ಡಿಗೆ ಮಾರುವ ಧಂಧೆ ಇದು.

ಮೆತ್ತಗಿನ ಮುಖ, ಮೆತ್ತಗಿನ ಮನುಷ್ಯ

ನಮ್ಮಂಥವರನ್ನು ನಾನು ಹೊಗಳಿ ಅಟ್ಟಕ್ಕೇರಿಸ್ತಿಲ್ಲ. ‘ನಾನು ಸಾಫ್ಟ್, ನಾನು ಸೆನ್ಸಿಟಿವ್, ಆದ್ರೂ ಹುಡುಗಿಯರು ನನ್ನನ್ನ ಬಿಟ್ಟು ರೌಡಿಗಳ ಹಿಂದೆ ಹೋಗ್ತಾರೆ’ ಅನ್ನೋ ಹುಡುಗರು ನನಗೆ ರೌಡಿಗಳಷ್ಟೇ ಬೋರು. ಪ್ರೀತಿ ಒಳ್ಳೇ ನಡತೆಗೆ ಕೊಡೋ ಸರ್ಟಿಫಿಕೇಟ್ ಅಲ್ಲ. ಮುಖ ಮೆತ್ತಗಿದೆ ಅಂದ ಮಾತ್ರಕ್ಕೆ ಮನುಷ್ಯ ಮೆತ್ತಗಿರಬೇಕು ಅಂತಲೂ ಇಲ್ಲ.

ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದು ಆ್ಯಪ್‌ನಲ್ಲೇ ಪರಿಚಯವಾಗಿ, ಡೇಟ್ ಆಗದೆ ಗೆಳತಿಯಾಗಿ ಉಳಿದ ಒಬ್ಬರು. ‘ನಿನ್ನಂಥ ಮುಖ ಕಂಡರೆ ನಾನು ಬಲಕ್ಕೇ ತಳ್ಳೋದು’ ಅಂದರು. ನಾನು ಹಿಗ್ಗುವಷ್ಟರಲ್ಲಿ ಕಾರಣವನ್ನೂ ಹೇಳಿದರು. ಚಂದ ಅಂತಲ್ಲ, ಭಯ ಕಡಿಮೆ ಅಂತ. ಗಂಡಸರು ಪ್ರೊಫೈಲ್ ನೋಡುವಾಗ ಇವಳು ಹೇಗಿದ್ದಾಳೆ ಅಂತ ನೋಡ್ತಾರೆ, ಹೆಂಗಸರು ಅದಕ್ಕಿಂತ ಮುಂಚೆ ಇವನಿಂದ ತಪ್ಪಿಸಿಕೊಳ್ಳಬಹುದಾ ಅಂತ ನೋಡ್ತಾರೆ. ಕಿರಿದಾದ ಹೆಗಲು, ನುಣುಪು ಕೆನ್ನೆ ಆ ಲೆಕ್ಕದಲ್ಲಿ ಪಾಸಾಗುತ್ತೆ. ಅಂದರೆ ಇಷ್ಟು ವರ್ಷ ನನ್ನ ಅಡಚಣೆ ಅಂತ ಎಲ್ಲರೂ ಹೇಳಿದ ಮುಖ ಎಷ್ಟೋ ಸಲ ನನಗೆ ಬಾಗಿಲು ತೆರೆಸಿದೆ. ಆಮೇಲೆ ಅವರು ಸೇರಿಸಿದ್ದು: ‘ಆದ್ರೆ ನಂಗೆ ಅತಿ ಕೆಟ್ಟ ಅನುಭವ ಆಗಿದ್ದೂ ಅಂಥ ಮುಖದವನಿಂದಾನೇ. ಕವಿತೆ ಬರೀತಿದ್ದ. ನಾನು ಬೇಡ ಅಂದ ಮೇಲೆ ಆರು ತಿಂಗಳು ಆಫೀಸ್ ಹತ್ರ ಬಂದು ನಿಲ್ತಿದ್ದ.’

ಅಂದಿನಿಂದ ಮೊದಲ ಭೇಟಿಯ ಜಾಗ, ಹೊತ್ತು ಎರಡನ್ನೂ ಅವರೇ ಹೇಳಲಿ ಅಂತ ಬಿಡ್ತೀನಿ. ಕಳೆದ ತಿಂಗಳು ಬಸವನಗುಡಿಯ ಒಂದು ದರ್ಶಿನಿಯಲ್ಲಿ ಒಬ್ಬರು ಬಂದ ತಕ್ಷಣ ಫೋನ್ ಟೇಬಲ್ ಮೇಲಿಟ್ಟು, ‘ಲೈವ್ ಲೊಕೇಶನ್ ಅಕ್ಕನಿಗೆ ಕಳಿಸಿದೀನಿ, ಬೇಜಾರ್ ಮಾಡ್ಕೋಬೇಡಿ’ ಅಂದರು. ಒಳ್ಳೇದಾಯ್ತು ಅಂದೆ. ಆಮೇಲೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ‘ನಿಮಗೆ ಗಡ್ಡ ಬರಲ್ವಾ, ಅಥವಾ ಬಿಡಲ್ವಾ?’ ಅಂತ ಕೇಳಿದರು. ಬರಲ್ಲ ಅಂದೆ. ‘ಸರಿ, ನಂಗೆ ಖಾಲಿ ದೋಸೆ’ ಅಂತ ಟೋಕನ್ ತರೋಕೆ ಎದ್ದರು.